ಮಾತಿನ ಪಾಳಿ

ಗುರುವಾರ ಬೆಳಗ್ಗೆ ಕೊಟ್ರೇಶ ಸರ್ ಒಂದು ಕೈಯಲ್ಲಿ ಮಿರ್ಚಿ ಭಜಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಕಂಪ್ಯೂಟರಿನ ಪರದೆ ಸರಿಸುತ್ತ, "ಈ ಒಂದು ಗುಂಪು ತಗದುಹಾಕಬೇಕು ನೋಡವ್ವ. ಮೂರು ಸಲ ಕೇಳಿದ್ರೂ ಉತ್ತರ ಇಲ್ಲ" ಎಂದರು. ನಾನು ಬಗ್ಗಿ ನೋಡಿದೆ. 'ಶೇಖಮ್ಮನ ಗುಂಪು, ದೇವದುರ್ಗ, ಹದಿನೆಂಟು ಜನ' ಎಂದಿತ್ತು. ಅದರ ಪಕ್ಕ ಕೆಂಪು ಅಕ್ಷರದಲ್ಲಿ 'ಉತ್ತರವಿಲ್ಲ' ಎಂದು ಮೂರು ಸಲ ಇತ್ತು.

ಶೇಖಮ್ಮ ನನ್ನ ತಾಯಿ. ಕೊಟ್ರೇಶ ಸರ್‌ಗೆ ಅದು ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ನನ್ನ ತಾಯಿ ಉತ್ತರ ಕೊಡದೆ ಸುಮ್ಮನಿರುವ ಪೈಕಿ ಅಲ್ಲ. ದೇವದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಒಂದು ಮಾತು ಅಂದರೆ ನಾಲ್ಕು ಅಂದೇ ಕೆಳಗಿಳಿಯುವ ಹೆಂಗಸು. ಅವಳನ್ನು ಮೂರು ಸಲ ಕೇಳಿದರೂ ಬಾಯಿ ಬಿಡಲಿಲ್ಲ ಅಂದರೆ ನಂಬಲಿಕ್ಕೆ ನನಗೇನು ಹುಚ್ಚೇ?

ನಮ್ಮದು ರಾಯಚೂರಿನ ಗಂಜ್ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಯ ಕಂಪನಿ, ಕೊಟ್ರೇಶ ಸರ್ ಅದರ ಮಾಲೀಕರು. ಸಿರವಾರದ ರೈತ ಸಂಘವೊಂದಕ್ಕೆ ನಾವು 'ನಾಟಿಕರೆ' ಎಂಬ ಆ್ಯಪ್ ಮಾಡಿಕೊಟ್ಟಿದ್ದೆವು. ಕಾಲುವೆಗೆ ನೀರು ಬಿಟ್ಟರೆಂದರೆ ಸಿರವಾರದಿಂದ ಮಾನ್ವಿಯವರೆಗೆ ಎಲ್ಲರಿಗೂ ಒಂದೇ ಸಲ ನೆಲ್ಲಿನ, ಅಂದರೆ ಭತ್ತದ ನಾಟಿ ಆಗಬೇಕು. ರೈತ ಫೋನಿನಲ್ಲಿ ಕೇಳುತ್ತಾನೆ: ಇಂಥ ದಿನ, ಇಂಥ ಹೊಲ, ಬರ್ತೀರೇನು? ನಾಟಿ ಮಾಡುವ ಹೆಣ್ಣುಮಕ್ಕಳ ಗುಂಪು 'ಬರ್ತೀವಿ' ಅಥವಾ 'ಬರಂಗಿಲ್ಲ' ಎಂದು ಒತ್ತಬೇಕು, ಬೇಕೆಂದರೆ ಕೆಳಗೆ ಒಂದೆರಡು ಸಾಲು ಬರೆಯಬಹುದು. ಎರಡು ತಾಸಿನೊಳಗೆ ಉತ್ತರ ಬರದಿದ್ದರೆ ಪ್ರಶ್ನೆ ಬೇರೆ ಗುಂಪಿಗೆ ಹೋಗುತ್ತದೆ. ಮೂರು ಸಲ ಉತ್ತರ ತಪ್ಪಿದರೆ ಆ ಗುಂಪಿನ ಹೆಸರನ್ನೇ ತೆಗೆಯುವುದು ಸಂಘದ ನಿಯಮ. ಹೆಸರಿಲ್ಲದ ಗುಂಪನ್ನು ಈ ಹಂಗಾಮಿನಲ್ಲಿ ಸಂಘದ ಯಾವ ರೈತನೂ ಕರೆಯುವ ಹಾಗಿಲ್ಲ. ಪಟ್ಟಿ ಶನಿವಾರ ಸಿರವಾರದಲ್ಲಿ ಖಾಯಂ ಆಗುವುದಿತ್ತು. ನನ್ನ ಕೈಯಲ್ಲಿ ಎರಡು ದಿನ ಇದ್ದವು.

ಆ ಆ್ಯಪಿನ ಕೆಳಗೆ ಓಡುವುದು ಒಂದು ಲೈಬ್ರರಿ. ಪ್ರೋಗ್ರಾಂ ಬರೆಯುವ ನಾವು, ಒಬ್ಬರು ಬರೆದಿಟ್ಟದ್ದನ್ನು ಹತ್ತು ಮಂದಿ ಬಳಸಲಿ ಎಂದು ಕಟ್ಟಿಟ್ಟ ಗಂಟಿಗೆ ಹಾಗೆನ್ನುತ್ತೇವೆ. ನಮ್ಮವ್ವ ಮಾತ್ರ ಓಣಿಯ ತುಂಬ "ನನ್ನ ಮಗಳು ರಾಯಚೂರಾಗ ಲೈಬ್ರರಿ ನೋಡ್ಕೋತಾಳ" ಎಂದು ಹೇಳಿಕೊಂಡಿದ್ದಾಳೆ. ಪುಸ್ತಕದ ಕಪಾಟಿನ ಕೀಲಿಕೈ ನನ್ನ ಸೊಂಟದಲ್ಲಿದೆ ಎಂದು ಅರ್ಧ ಓಣಿ ನಂಬಿದೆ, ನಾನು ತಿದ್ದಲು ಹೋಗಿಲ್ಲ.

ಲೈಬ್ರರಿಯಲ್ಲಿ ಪ್ರಶ್ನೆ-ಉತ್ತರದ ಭಾಗ ಪೂರ್ತಿ ನನ್ನದು. ಮೆಸೇಜು ಬೇರೆ, ಪ್ರಶ್ನೆ ಬೇರೆ. ಮೆಸೇಜಿಗೆ ಉತ್ತರ ಬಂದರೂ ಸರಿ, ಬರದಿದ್ದರೂ ಸರಿ. ಪ್ರಶ್ನೆಗೆ ಒಂದು ಉತ್ತರ ಬರಲೇಬೇಕು, ಹೌದು ಎಂದಾದರೂ ಇಲ್ಲ ಎಂದಾದರೂ. ಒಂದೇ ಹೊತ್ತಿಗೆ ನೂರು ಪ್ರಶ್ನೆ ಹೋಗಿರುತ್ತವೆ, ಯಾವ ಉತ್ತರ ಯಾವ ಪ್ರಶ್ನೆಯದು? ಅದಕ್ಕೆ ಪ್ರತಿ ಪ್ರಶ್ನೆಗೂ ಒಂದು ನಂಬರು ಕೊಟ್ಟು ಕಳಿಸುತ್ತೇವೆ, ಉತ್ತರ ಅದೇ ನಂಬರು ಹೊತ್ತು ಬರಬೇಕು. ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳಿಗೆ ಚೀಟಿ ಹಚ್ಚಿಟ್ಟ ಹಾಗೆ. ಎರಡು ವರ್ಷದಿಂದ ಕಂಪನಿಯ ಬೇರೆ ಆ್ಯಪ್‌ಗಳಲ್ಲಿ ಅದು ನೆಟ್ಟಗೆ ಓಡುತ್ತಿತ್ತು. ನನಗೆ ಅದರ ಮೇಲೆ ಸ್ವಲ್ಪ ಸೊಕ್ಕೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮೆಟ್ಟಿಲ ಮೇಲೆ ನಿಂತು ಅವ್ವನಿಗೆ ಫೋನ್ ಹಚ್ಚಿದೆ.

"ಯವ್ವಾ, ಹೊಲದಾಗಿದ್ದಿಯೇನು?"

"ಎಲ್ಲಿ ಹೊಲ ಬೇ? ಮನ್ಯಾಗ ಕುಂತೀನಿ. ಹದಿನೆಂಟು ಮಂದಿನೂ ಮನ್ಯಾಗ ಕುಂತೀವಿ."

ಮಂಗಳವಾರ ನಸುಕಿನಲ್ಲೇ ಇವರೆಲ್ಲ ಕ್ರೂಸರ್ ಗಾಡಿ ಹತ್ತಿ ಮಾನ್ವಿ ಕಡೆಯ ಹೊಲಕ್ಕೆ ಹೋಗಿದ್ದರಂತೆ. ಅಲ್ಲಿ ಆಗಲೇ ಬೇರೆ ಗುಂಪು ಕೆಸರಿಗೆ ಇಳಿದು ಎರಡು ಮಡಿ ನಾಟಿ ಹಚ್ಚಿ ಮುಗಿಸಿತ್ತು. 'ನೀವು ಉತ್ತರ ಹೇಳ್ಲಿಲ್ಲ, ಅದಕ್ಕ ಇವ್ರನ್ನ ಕರ್ಸೀವಿ' ಎಂದು ರೈತ ಬದುವಿನ ಮೇಲೆ ನಿಂತು ಹೇಳಿದನಂತೆ. ಅಷ್ಟು ಮಂದಿಯ ಮುಂದೆ, ಬುತ್ತಿಗಂಟು ಹಿಡಿದುಕೊಂಡು ಇವರು ವಾಪಸ್ ಬಂದಿದ್ದರು.

"ಉತ್ತರ ಹೇಳಿದ್ರೇನು ನೀವು?"

"ಹೇಳೇವಿ ಅಂದ್ರ ಹೇಳೇವಿ! ನಿಮ್ಮ ಆ್ಯಪ್‌ನಾಗ ಒತ್ತಿದ್ವಿ, ಹೋತು ಅಂತ ತೋರಿಸ್ತು. ಇಪ್ಪತ್ತು ವರ್ಷದಾಗ ನಮ್ಮನ್ನ ಮಾತಿಲ್ಲದವ್ರು ಅಂತ ಯಾರೂ ಅಂದಿದ್ದಿಲ್ಲ. ಈಗ ಅನ್ನಿಸ್ಕೊಂಡು ಬಂದ್ವಿ" ಎಂದವಳೇ ಫೋನ್ ಇಟ್ಟುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದ ಮಾತು ಎಲ್ಲಿಗೆ ಹೋಯಿತೆಂದೇ ಗೊತ್ತಿರಲಿಲ್ಲ. ಲೈಬ್ರರಿಯ ದಾಖಲೆಯಲ್ಲಿ ಹುಡುಕಿದೆ. ಏನೂ ಇಲ್ಲ. ಊಟ ಬಿಟ್ಟು, ನಡುವಿನ ಸರ್ವರಿನಲ್ಲಿ ಹದಿನೈದು ದಿನ ಉಳಿಯುವ ಓಡಾಟದ ದಾಖಲೆ ತೆಗೆದು ಸಾಲುಸಾಲಾಗಿ ಓದುತ್ತ ಕೂತೆ. ಸಂಜೆ ನಾಲ್ಕರ ಸುಮಾರಿಗೆ ಸಿಕ್ಕಿತು.

ಮೂರೂ ಉತ್ತರ ಬಂದಿದ್ದವು. ಮೊದಲನೆಯದು ಎಂಟು ನಿಮಿಷದಲ್ಲಿ, 'ಬರಂಗಿಲ್ಲ'. ಎರಡನೆಯದು ಹನ್ನೊಂದು ನಿಮಿಷದಲ್ಲಿ, ಅದೂ 'ಬರಂಗಿಲ್ಲ'. ಮೂರನೆಯದು ಆರೇ ನಿಮಿಷದಲ್ಲಿ, 'ಬರ್ತೀವಿ'. ನಂಬರು ಮೂರರಲ್ಲೂ ಸರಿಯಾಗಿತ್ತು, ಗುಂಪಿನ ಖಾತೆಯೂ ಅದೇ. ಆದರೆ ಪ್ರಶ್ನೆ ಹೋದದ್ದು ಅವ್ವನ ಫೋನಿಗೆ, ಉತ್ತರ ಬಂದದ್ದು ಗೋಪಮ್ಮನ ಫೋನಿನಿಂದ. ಪ್ರಶ್ನೆ ಹೋದ ಫೋನೇ ಉತ್ತರ ಹೇಳಬೇಕು, ಬೇರೆ ಫೋನಿನಿಂದ ಬಂದದ್ದನ್ನು ಬಿಸಾಕು ಎಂದು ಲೈಬ್ರರಿಯಲ್ಲಿ ಒಂದು ಸಾಲು ಇತ್ತು. ಬಿಸಾಕಿದ್ದನ್ನು ಕಳಿಸಿದವರಿಗೂ ಹೇಳಬೇಡ, ಕಾಯುವವರಿಗೂ ಹೇಳಬೇಡ ಎಂಬಂತೆ ಅದು ಸುಮ್ಮನೆ ಮುಂದಕ್ಕೆ ಹೋಗುತ್ತಿತ್ತು. ಮೊದಲಿನ ಎರಡು ಉತ್ತರ 'ಬರಂಗಿಲ್ಲ' ಆದ್ದರಿಂದ ಕಳೆದುಹೋದದ್ದು ಯಾರಿಗೂ ತಿಳಿಯಲಿಲ್ಲ. ಬರುವುದಿಲ್ಲ ಅಂದವರೂ ಬರುವುದಿಲ್ಲ, ಉತ್ತರ ಕೊಡದವರೂ ಬರುವುದಿಲ್ಲ. ಮೂರನೆಯದಕ್ಕೆ ಹದಿನೆಂಟು ಹೆಂಗಸರು ಬೀದಿಗೆ ಬಿದ್ದರು.

ಆ ಸಾಲು ಬರೆದವಳು ನಾನೇ.

ಗೋಪಮ್ಮ ಯಾಕೆ ಒತ್ತಿದಳು ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ನಾನು ತೀರ ಚಿಕ್ಕವಳಿದ್ದಾಗ ಈ ಗುಂಪಿಗೊಬ್ಬ ಮೇಸ್ತ್ರಿ ಇದ್ದ. ಹೆಂಗಸರ ಪರವಾಗಿ ಎಲ್ಲ ಕಡೆ ಮಾತು ಕೊಡುವವನು ಅವನೇ. ಒಂದು ಸಲ ಒಂದೇ ದಿನಕ್ಕೆ ಎರಡು ಊರಿಗೆ ಹೂಂ ಅಂದುಬಿಟ್ಟ. ಹೋಗದ ಊರಿನಲ್ಲಿ ಅವನ ಹೆಸರು ಕೆಡಲಿಲ್ಲ, ಇವರದು ಕೆಟ್ಟಿತು. ಅವತ್ತೇ ಅವನನ್ನು ಬಿಟ್ಟು ಇವರು ತಾವೇ ಒಂದು ಕಟ್ಟಳೆ ಮಾಡಿಕೊಂಡರು. ಗುಂಪಿಗೆ ಮೇಸ್ತ್ರಿ ಬೇಡ. ಕೇಳುವವರು ಯಾರನ್ನಾದರೂ ಕೇಳಲಿ, ಮಾತು ಕೊಡುವವಳು ಒಬ್ಬಳೇ, ಪಾಳಿ ಇದ್ದವಳು. ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಪಾಳಿ ಬದಲಾಗುತ್ತದೆ. ಪಾಳಿಯವಳು ಹೂಂ ಅಂದರೆ ಹದಿನೆಂಟೂ ಮಂದಿ ಹೊರಡಬೇಕು. ಊಹೂಂ ಅಂದರೆ ಗುಂಪು ಕಟ್ಟಿದ ಶೇಖಮ್ಮನೂ ಬಾಯಿ ಹಾಕುವ ಹಾಗಿಲ್ಲ. ಹೋದ ತಿಂಗಳು ಆ್ಯಪ್ ಬಂದಾಗ ಗುಂಪಿನ ಹೆಸರಿಗೆ ಒಂದು ಖಾತೆ ತೆರೆದು, ಆರು ಮಂದಿಯ ಫೋನಿನಲ್ಲೂ ಹಾಕಿಕೊಂಡಿದ್ದರು. ಪ್ರಶ್ನೆ ಅವ್ವನ ಫೋನಿಗೆ ಬಂದರೆ ನಕಲು ಉಳಿದವರಿಗೂ ಕಾಣುತ್ತದೆ, ಪಾಳಿಯವಳು ತನ್ನ ಫೋನಿನಿಂದ ಉತ್ತರ ಒತ್ತುತ್ತಾಳೆ. ಮೊದಮೊದಲು ಅವ್ವನ ಪಾಳಿಯೇ ಇದ್ದದ್ದರಿಂದ ಎಲ್ಲ ಸರಿಹೋಗಿತ್ತು. ಅಮಾವಾಸ್ಯೆಗೆ ಪಾಳಿ ಗೋಪಮ್ಮನಿಗೆ ಹೋಯಿತು, ಅವತ್ತಿನಿಂದ ಗುಂಪು ಮೂಕವಾಯಿತು.

ಇದೆಲ್ಲ ನೋಡುತ್ತ ಬೆಳೆದವಳು ನಾನು. 'ಅವ್ವಾ ಹೂಂ ಅನ್ನು, ಮಾನ್ವಿಗೆ ಹೋದರೆ ನನಗೆ ಮಿಠಾಯಿ ತರ್ತೀಯಲ್ಲ' ಎಂದು ಅತ್ತು, 'ಪಾಳಿ ನಂದಲ್ಲ' ಎಂದು ಬೈಸಿಕೊಂಡವಳು. ಆದರೂ ಕಂಪ್ಯೂಟರಿನ ಮುಂದೆ ಕೂತಾಗ, ಕೇಳಿಸಿಕೊಂಡವರೇ ಹೇಳಬೇಕೆಂಬ ಸಾಲನ್ನು ಕೈ ನಡುಗದೆ ಬರೆದೆ. ಹಿತ್ತಲ ಗಿಡ ಮದ್ದಲ್ಲ ಎಂಬುದು ನನ್ನಂಥವರಿಗೇ ಹೇಳಿದ ಮಾತು.

ಕೊಟ್ರೇಶ ಸರ್‌ಗೆ ತೋರಿಸಿದೆ. ಅವರು ಕೆಟ್ಟವರಲ್ಲ, ಅವಸರದವರು. "ಸುಲಭ ಅದ. ಒಂದೇ ಫೋನ್ ಬಳಸ್ರಿ ಅಂತ ಆ ಹೆಣ್ಮಕ್ಕಳಿಗೆ ಹೇಳು" ಎಂದರು.

"ಹೇಳಂಗಿಲ್ಲ ಸರ್. ಅದು ಅವ್ರ ಕಟ್ಟಳಿ. ತಪ್ಪು ನಮ್ಮ ಸಾಲಿನಾಗ ಅದ."

"ಹಂಗಾದ್ರ ಆ ಸಾಲು ತಗದು ಒಗಿ. ಎರಡು ನಿಮಿಷದ ಕೆಲ್ಸ."

"ತಗದ್ರ ನಂಬರು ಗೊತ್ತಿದ್ದ ಯಾರು ಬೇಕಾದ್ರೂ ಅವ್ರ ಹೆಸರಿಲೆ ಹೂಂ ಅಂತಾರ. ಹಿಂದ ಒಬ್ಬ ಮೇಸ್ತ್ರಿ ಅದನ್ನ ಮಾಡಿದ್ದ."

"ಇಪ್ಪತ್ತಾರು ಗುಂಪಿನಾಗ ಒಂದು ಗುಂಪಿಗಿ ಇಷ್ಟ್ಯಾಕ ತಲಿ ಕೆಡಿಸ್ಕೋತಿ ವಿಶಾಖಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಮುಖ ಆಗಿರಬೇಕು. "ಶೇಖಮ್ಮ ನಮ್ಮವ್ವ ಸರ್" ಎಂದೆ. ಅವರು ಮಿರ್ಚಿಯ ಕಾಗದವನ್ನು ಮಡಚಿ ಮಡಚಿ ಬೆರಳಿನಷ್ಟಾಗಿಸಿದರು. "ನೋಡು, ಶನಿವಾರದತನಕ ಸರಿಮಾಡು. ಆದ್ರ ಸಂಘದವ್ರ ಮುಂದ ತಪ್ಪು ನಮ್ದು ಅನ್ಬ್ಯಾಡ. ಅಂದ್ರ ಅವ್ರು ಕಂಪನಿ ಬಿಡ್ತಾರ, ನಾನು ನಿನ್ನ ಬಿಡಬೇಕಾಗ್ತದ" ಎಂದರು. ನಾನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ನನ್ನ ಲೈಬ್ರರಿಯ ಗುಣವೇ ನನಗೂ ಬಂದಿತ್ತು.

ಅವತ್ತು ರಾತ್ರಿಯೊಳಗೆ ಸಾಲು ಬದಲಿಸಿದೆ. ಉತ್ತರ ಗುಂಪಿನ ಖಾತೆಯಿಂದ ಬಂದರೆ ಸಾಕು, ಯಾವ ಫೋನಾದರೂ ಸರಿ. ಒಮ್ಮೆ ಉತ್ತರ ಬಂದ ಪ್ರಶ್ನೆಯನ್ನು ಕಾಯುವ ಪಟ್ಟಿಯಿಂದ ತೆಗೆಯಬೇಕು, ಎರಡನೆಯ ಉತ್ತರ ಲೆಕ್ಕಕ್ಕಿಲ್ಲ. ನಾಲ್ಕು ಫೋನು ಮೇಜಿನ ಮೇಲಿಟ್ಟು ನಾನೇ ನಾಲ್ಕು ಹೆಂಗಸರಾಗಿ ಒತ್ತಿ ನೋಡಿದೆ. ಎಲ್ಲ ಸರಿಯಾಗಿತ್ತು. ಆಮೇಲೆ ಒಂದು ಫೋನಿನಿಂದ 'ಬರ್ತೀವಿ', ಇನ್ನೊಂದರಿಂದ 'ಬರಂಗಿಲ್ಲ' ಒಟ್ಟಿಗೆ ಒತ್ತಿದೆ. ಮೊದಲು ಮುಟ್ಟಿದ್ದೇ ಗೆದ್ದಿತು. ಪಾಳಿ ಇರದವಳು ಬೇಗ ಒತ್ತಿದರೆ ಅವಳ ಮಾತೇ ಗುಂಪಿನ ಮಾತು! ಮೇಸ್ತ್ರಿಯನ್ನು ನಾನು ಹಿಂಬಾಗಿಲಿನಿಂದ ಒಳಗೆ ಬಿಟ್ಟಿದ್ದೆ. ಇದಕ್ಕೆ ಏನು ಮಾಡಬೇಕೆಂದು ಈ ಸಲ ನಾನೇ ಊಹಿಸಿ ಬರೆಯುವುದಿಲ್ಲ ಎಂದು ಹಟ ಮಾಡಿದೆ. ಶುಕ್ರವಾರ ಮೊದಲ ಬಸ್ಸಿಗೆ ಗಬ್ಬೂರು ಹಾದು ದೇವದುರ್ಗಕ್ಕೆ ಹೋದೆ.

ಅವ್ವ ಅಂಗಳದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗೋಪಮ್ಮ ಕಟ್ಟೆಯ ಮೇಲೆ ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ಗೋಪಮ್ಮನಿಗೆ ಅರವತ್ತು ದಾಟಿದೆ, ಗುಂಪಿನಲ್ಲಿ ಹಿರಿಯಳು. ಅವಳೇ ಒತ್ತಿದ ಉತ್ತರ ಕಳೆದದ್ದರಿಂದ ಮೂರು ದಿನ ಯಾರ ಮುಖ ನೋಡಿಯೂ ಮಾತಾಡಿರಲಿಲ್ಲವಂತೆ. ನಾನು ನಿಂತುಕೊಂಡೇ ಹೇಳಿದೆ.

"ಯವ್ವಾ, ನಿಮ್ಮ ಉತ್ತರ ಮೂರೂ ಬಂದಾವ. ಗೋಪಮ್ಮಾಯಿದು ಏನೂ ತಪ್ಪಿಲ್ಲ. ಪ್ರಶ್ನಿ ಹೋದ ಫೋನಿಂದ ಬರ್ಲಿಲ್ಲ ಅಂತ ಆ್ಯಪ್ ಅವನ್ನ ಒಗದುಬಿಟ್ಟದ."

"ಹಂಗ ಒಗಿ ಅಂತ ಅದಕ್ಕ ಹೇಳಿದವ್ರು ಯಾರು?"

"ನಾನು."

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಊರಿಗಿ ಉಪಕಾರಿ, ಮನಿಗಿ ಮಾರಿ ಅಂತ ಇದಕ್ಕ ಅಂತಾರ" ಎಂದಳು. ದನಿ ಏರಿಸಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಕೇಳಿಸ್ಕೊಳ್ಳಲಿಲ್ಲ, ಹೋಗ್ಲಿ. ಕಿವುಡರೂ ಇರ್ತಾರ. ಕೇಳಿಸ್ಕೊಂಡಿಲ್ಲ ಅಂತಾದ್ರೂ ಹೇಳಬೇಕಿಲ್ಲೇನು ಬೇ? ಅಷ್ಟು ಹೇಳಿದ್ರ ಗೋಪಮ್ಮ ಇನ್ನೊಮ್ಮಿ ಒತ್ತತಿದ್ಲು. ನನಗ ಹೇಳಿ ಒತ್ತಸ್ತಿದ್ಲು. ನಡಕೊಂಡು ಹೋಗಿಯಾದ್ರೂ ಹೇಳಿಬರ್ತಿದ್ವಿ."

ಎಷ್ಟೋ ದಪ್ಪ ಪುಸ್ತಕ ಓದಿ ನಾನು ಕಲಿತದ್ದಕ್ಕಿಂತ ಇದು ದೊಡ್ಡ ಪಾಠ. ಪ್ರಶ್ನೆಗೆ ಉತ್ತರ ಕೊಡಲೇಬೇಕು ಎಂದು ನಿಯಮ ಮಾಡಿದವಳು, ಉತ್ತರಕ್ಕೆ ನಾನೇ ಉತ್ತರ ಕೊಟ್ಟಿರಲಿಲ್ಲ. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಕಟ್ಟೆಯ ಮೇಲೆ ಕೂತೆ. ಗುಂಪಿನವರೆಲ್ಲ ಒಬ್ಬೊಬ್ಬರಾಗಿ ಬಂದು ಸೇರಿದರು. ಪಾಳಿಯನ್ನು ಈ ಯಂತ್ರಕ್ಕೆ ಹೇಗೆ ತಿಳಿಸೋಣ ಎಂದು ಕೇಳಿದೆ.

"ಮೌನೇಶ್ವರಿ ಫೋನಿಗಿ ಅಷ್ಟ ಬಿಡು. ನಿನ್ನಿ ಹುಣ್ಣಿವಿಯಿಂದ ಪಾಳಿ ಆಕಿದು" ಎಂದಳು ಅವ್ವ.

ಮೌನೇಶ್ವರಿ ಗುಂಪಿಗೆ ಹೊಸಬಳು, ಇಪ್ಪತ್ತೆರಡರ ಹುಡುಗಿ. ಅವಳಿಗೆ ಇದು ಮೊದಲ ಪಾಳಿ. "ನನ್ನ ಫೋನು ಮಧ್ಯಾಹ್ನಕ್ಕ ಚಾರ್ಜ್ ಮುಗಿತದಕ್ಕಾ. ಬ್ಯಾರೆಯವ್ರ ಫೋನಿಂದ ಒತ್ತಾಕ ಬರಬೇಕು" ಎಂದು ಮೆಲ್ಲಗೆ ಅಂದಳು. ಫೋನಿಗೂ ಪಾಳಿಗೂ ಸಂಬಂಧವೇ ಇಲ್ಲ, ಪಾಳಿ ಮನುಷ್ಯಳದ್ದು. ಆದ್ದರಿಂದ ಪಾಳಿ ಹಿಡಿದವಳಿಗೆ ನಾಲ್ಕು ಅಂಕಿಯ ಒಂದು ಗುಟ್ಟು ಕೊಟ್ಟೆ. ಯಾರ ಫೋನಿನಿಂದಲಾದರೂ ಒತ್ತಲಿ, ಗುಟ್ಟು ಹಾಕಿದರೇ ಉತ್ತರ. ಪಾಳಿ ಬದಲಾದಾಗ ಮುಂದಿನವಳು ಹೊಸ ಗುಟ್ಟು ಮಾಡಿಕೊಳ್ಳಬೇಕು. ಉತ್ತರ ತೆಗೆದುಕೊಳ್ಳದಿದ್ದರೆ ಯಾಕೆಂದು ಅಲ್ಲೇ ಹೇಳಬೇಕು. ಅಲ್ಲೇ ಕೂತು, ರೊಟ್ಟಿ ತಿನ್ನುತ್ತ, ಮಧ್ಯಾಹ್ನ ಎರಡರವರೆಗೆ ಬರೆದೆ.

ಪರೀಕ್ಷೆಗೆ ಒಂದು ಪ್ರಶ್ನೆ ಕಳಿಸಿದೆ. ಬೇಕೆಂದೇ ಗೋಪಮ್ಮನಿಗೆ ಒತ್ತಲು ಹೇಳಿದೆ. ಅವಳು ಗುಟ್ಟಿಲ್ಲದೆ ಒತ್ತಿದಳು. ಫೋನು ಸದ್ದು ಮಾಡಿತು. ಯಾರೋ ಓದಿ ಹೇಳಿದರು: 'ಈ ಉತ್ತರ ತೆಗೆದುಕೊಂಡಿಲ್ಲ. ಪಾಳಿ ಮೌನೇಶ್ವರಿಯದು.'

ಗೋಪಮ್ಮ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. "ಬೈದ್ರೂ ಮಾರಿ ಮುಂದ ಬೈತದ ನೋಡು, ಈಗ ಚಲೋ ಆತು" ಎಂದಳು.

ಶನಿವಾರ ಅವ್ವ ನನ್ನ ಜೊತೆ ಸಿರವಾರಕ್ಕೆ ಹೊರಟು ನಿಂತಳು. ಬರಬೇಡ ಅಂದರೆ ಕೇಳುವವಳಲ್ಲ. ಸಂಘದ ಆಫೀಸು ಅಕ್ಕಿ ಗಿರಣಿಯ ಪಕ್ಕದ ಕೋಣೆ. ಅಧ್ಯಕ್ಷ ಹಂಪಣ್ಣನವರೇ ಗಿರಣಿಯ ಮಾಲೀಕರು. ಹಣೆ ತುಂಬ ವಿಭೂತಿ, ಮಾತು ಕಡಿಮೆ. ಸುತ್ತ ಹತ್ತು ಹನ್ನೆರಡು ರೈತರು ಕೂತಿದ್ದರು, ಮಂಗಳವಾರ ಇವರನ್ನು ವಾಪಸ್ ಕಳಿಸಿದವನೂ ಇದ್ದ. ಬಾಗಿಲಲ್ಲೇ ಕೊಟ್ರೇಶ ಸರ್ ನನ್ನ ಕಿವಿಯಲ್ಲಿ "ನೆಟ್‌ವರ್ಕ್ ಅನ್ನು, ಅಷ್ಟ ಅನ್ನು, ಮುಗಿತದ" ಎಂದರು. ನಮ್ಮ ಕಡೆ ನೆಟ್‌ವರ್ಕ್ ಮೇಲೆ ಹಾಕಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ಎಲ್ಲರ ತಪ್ಪನ್ನೂ ಅದು ಹೊತ್ತುಕೊಂಡಿದೆ. ಆದರೆ ನೆಟ್‌ವರ್ಕ್ ಅಂದರೆ ಗುಂಪಿನ ಮೇಲಿನ ಅನುಮಾನ ಅರ್ಧ ಹಾಗೇ ಉಳಿಯುತ್ತದೆ.

ಹಂಪಣ್ಣನವರು ಪಟ್ಟಿ ಓದುತ್ತ ಬಂದರು. ದೇವದುರ್ಗದ ಹೆಸರು ಬಂದಾಗ ನಾನು ಎದ್ದು ನಿಂತೆ.

"ಯಪ್ಪಾರ, ಈ ಗುಂಪು ಮೂರು ಸಲಾನೂ ಉತ್ತರ ಕೊಟ್ಟದ. ಎಂಟು ನಿಮಿಷ, ಹನ್ನೊಂದು ನಿಮಿಷ, ಆರು ನಿಮಿಷ. ಸರ್ವರಿನ ದಾಖಲಿ ಇಲ್ಲೇ ಅದ, ಓದ್ಕೋರಿ. ಉತ್ತರ ಒಗದದ್ದು ನಮ್ಮ ಪ್ರೋಗ್ರಾಂ. ಆ ತಪ್ಪಿನ ಸಾಲು ಬರದಾಕಿ ನಾನು. ಶೇಖಮ್ಮ ನಮ್ಮವ್ವ ಅನ್ನೋದನ್ನೂ ಮೊದಲ ಹೇಳಿಬಿಡ್ತೀನಿ."

ಕೊಟ್ರೇಶ ಸರ್ ಕಣ್ಣು ಮುಚ್ಚಿಕೊಂಡರು. ಹಂಪಣ್ಣನವರು ಕನ್ನಡಕ ಹಾಕಿ ಕಾಗದವನ್ನು ಎರಡು ಸಲ ಓದಿದರು. ಮಂಗಳವಾರದ ರೈತನ ಕಡೆ ಅದನ್ನು ಸರಿಸಿದರು. ಅವನು ಓದಿ ತಲೆ ತಗ್ಗಿಸಿದ.

"ಕಾಗದ ಯಾರು ಬೇಕಾದ್ರೂ ತರ್ತಾರ" ಎಂದರು ಹಂಪಣ್ಣನವರು. "ಸರಿ ಆಗ್ಯದ ಅಂತೀಯಲ್ಲ, ಈಗ ಕೇಳು. ಸೋಮವಾರದಿಂದ ಐದು ದಿನ, ಸಿರವಾರದಾಗ ನನ್ನ ಹೊಲ, ಹದಿನೆಂಟೂ ಮಂದಿ. ಬರ್ತಾರೇನು ಕೇಳು. ಹೂಂ ಅಂದ್ರ ಹೆಸರು ಇರ್ತದ."

ಪ್ರಶ್ನೆ ಹೋಯಿತು. ಅವ್ವನ ಸೊಂಟದಲ್ಲಿದ್ದ ಫೋನು ಅಲ್ಲೇ ಸದ್ದು ಮಾಡಿತು. ಎಲ್ಲರೂ ಅವಳತ್ತ ತಿರುಗಿದರು.

"ಹೇಳವ್ವ ಶೇಖಮ್ಮ. ಇಲ್ಲೇ ಕುಂತೀಯಲ್ಲ, ಬಾಯಿಲೆ ಹೇಳು."

"ಪಾಳಿ ನಂದಲ್ರೀ ಸಾವ್ಕಾರ್ರ."

"ಹಂಗಂದ್ರ?"

ಅವ್ವ ಹೇಳಿದಳು, ನಾಲ್ಕೇ ಮಾತಿನಲ್ಲಿ. ರೈತರು ಮುಖ ಮುಖ ನೋಡಿಕೊಂಡರು. ಒಬ್ಬ ನಕ್ಕ. ಹಂಪಣ್ಣನವರು ಗೋಡೆಯ ಗಡಿಯಾರ ನೋಡಿ, "ಆತು, ನೋಡೂಣು" ಎಂದು ಕೈಕಟ್ಟಿ ಕೂತರು.

ಎರಡು ನಿಮಿಷ. ನಾಲ್ಕು. ಪಕ್ಕದಲ್ಲಿ ಗಿರಣಿ ಓಡುತ್ತಲೇ ಇತ್ತು. ಮೌನೇಶ್ವರಿಯ ಫೋನು ಸತ್ತಿರಬಹುದೇ? ಗುಟ್ಟು ಮರೆತಳೇ? ಆರು ನಿಮಿಷ. ಅವ್ವನ ಬೆರಳು ಫೋನಿನ ಮೇಲೆ ಇತ್ತು, ಒತ್ತಿದರೆ ನನ್ನ ಹೊಸ ಸಾಲು ಅವಳನ್ನೇ ತಡೆಯುತ್ತಿತ್ತು. ಆದರೆ ಬಾಯಿಂದ ಒಂದು ಹೂಂ ಅಂದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಹಂಪಣ್ಣನವರ ಮುಖ ನೋಡಿದಳು, ತುಟಿ ಬಿಗಿಹಿಡಿದು ನೆಲ ನೋಡಿದಳು. ಏಳನೆಯ ನಿಮಿಷಕ್ಕೆ ನನ್ನ ಪರದೆಯಲ್ಲಿ ಉತ್ತರ ಬಂತು. ಎಲ್ಲರಿಗೂ ಕೇಳುವಂತೆ ಓದಿದೆ.

"ಬರಂಗಿಲ್ಲ. ಸೋಮವಾರದಿಂದ ಐದು ದಿನ ಚಂದ್ರಬಂಡದವ್ರ ಹತ್ತಿ ಹೊಲದ ಕಳೆ ತೆಗೆಯಾಕ ಇವತ್ತು ಬೆಳಿಗ್ಗೆ ಮಾತು ಕೊಟ್ಟೀನಿ. ಆಮೇಲೆ ಕೇಳ್ರಿ. ಪಾಳಿಯವಳು, ಮೌನೇಶ್ವರಿ."

ಇಪ್ಪತ್ತೆರಡರ ಹುಡುಗಿ, ಮೊದಲ ಪಾಳಿ, ಸಂಘದ ಅಧ್ಯಕ್ಷರಿಗೇ ಇಲ್ಲ ಅಂದಿದ್ದಳು. ಹೆಸರು ಹೋಯಿತು ಎಂದುಕೊಂಡೆ. ಕೆಲಸವೂ ಹೋಯಿತು ಎಂದುಕೊಂಡೆ. ವಿಚಿತ್ರವೆಂದರೆ ಅದೇ ಕ್ಷಣ ನನಗೆ ಕುಣಿಯುವಷ್ಟು ಸಂತೋಷವೂ ಆಯಿತು. ನಂಬರು ಸರಿ, ಗುಟ್ಟು ಸರಿ, ಬಂದದ್ದು ಗೋಪಮ್ಮನ ಫೋನಿನಿಂದ. ಉತ್ತರ ಮುಟ್ಟಿತ್ತು.

ಹಂಪಣ್ಣನವರು ಮತ್ತೊಮ್ಮೆ ಗಡಿಯಾರ ನೋಡಿದರು. ಆಮೇಲೆ ಪೆನ್ನು ತೆಗೆದು, ದೇವದುರ್ಗದ ಹೆಸರಿನ ಮುಂದಿದ್ದ ಕೆಂಪು 'ಉತ್ತರವಿಲ್ಲ' ಮೇಲೆ ಕಾಟು ಹೊಡೆದರು.

"ಕೊಟ್ಟ ಮಾತಿಗಿ ನನ್ನಂಥವನ್ನೂ ಬಿಡ್ತಾರಂದ್ರ, ನನಗ ಮಾತು ಕೊಟ್ರ ಯಾರನ್ನ ಬೇಕಾದ್ರೂ ಬಿಟ್ಟು ಬರ್ತಾರ. ಹೆಸರು ಇರ್ಲಿ" ಎಂದರು. ಕೊಟ್ರೇಶ ಸರ್ ಕಡೆ ತಿರುಗಿ, "ನೀವೂ ಇರ್ರಿ. ತಪ್ಪು ನಂದು ಅನ್ನೋ ಕೆಲಸಗಾರ್ತಿ ಸಿಗೋದು ಕಷ್ಟ ಅದ, ಜೋಪಾನ ಮಾಡ್ಕೋರಿ" ಎಂದರು. ಮಂಗಳವಾರದ ರೈತ ಎದ್ದು ಅವ್ವನ ಮುಂದೆ ಬಂದು, "ನಂದೂ ತಪ್ಪಾತವ್ವ, ಒಂದು ಫೋನ್ ಮಾಡಿ ಕೇಳಬೇಕಿತ್ತು" ಎಂದ. ಅವ್ವ ತಲೆಯಾಡಿಸಿದಳು.

ಹೊರಗೆ ಬಂದಮೇಲೆ ಅವಳು ಗಿರಣಿಯ ಮುಂದಿನ ಕಲ್ಲಿನ ಮೇಲೆ ಕುಸಿದು ಕೂತಳು. ಗೆದ್ದು ಬಂದೆವಲ್ಲ, ಯಾಕೆ ಹೀಗೆ ಎಂದು ಕೇಳಿದೆ.

"ಪಾಳಿ ನಂದಿದ್ರ ಏನಾಗ್ತಿತ್ತು ಗೊತ್ತೇನು?" ಎಂದಳು. "ಬೆಳಿಗ್ಗಿ ಚಂದ್ರಬಂಡದವ್ರಿಗೂ ಹೂಂ ಅಂದಿರ್ತಿದ್ದೆ, ಈಗ ಈ ಸಾವ್ಕಾರಗೂ ಹೂಂ ಅಂದುಬಿಡ್ತಿದ್ದೆ. ನಿನ್ನ ಮಾರಿ ನೋಡಿ ಅಂದುಬಿಡ್ತಿದ್ದೆ ಬೇ. ನಿನ್ನ ಕೆಲ್ಸ ಹೋಗಬಾರ್ದು ಅಂತ. ಆ ಮೇಸ್ತ್ರಿ ಮಾಡಿದ್ದನ್ನ ನಾನೂ ಮಾಡ್ತಿದ್ದೆ."

ಇಪ್ಪತ್ತು ವರ್ಷ ಮಾತು ಉಳಿಸಿಕೊಂಡು ಬಂದ ಹೆಂಗಸು ನನಗಾಗಿ ಅದನ್ನು ಮುರಿಯಲು ತಯಾರಿದ್ದಳು. ಅವಳನ್ನು ತಡೆದದ್ದು ಪಾಳಿ. ನಡುಬೀದಿಯಲ್ಲಿ ಅಳಬಾರದೆಂದರೂ ಅಳು ಬಂದುಬಿಟ್ಟಿತು.

"ಮಂದಿ ನೋಡಾಕತ್ತಾರ, ಕಣ್ಣೊರಿಸ್ಕೋ" ಎಂದು ಅವ್ವ ಗದರಿಸಿದಳು. ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡು, ಮೌನೇಶ್ವರಿ ಜೊತೆ ಮಾತಾಡಲು ಗೋಪಮ್ಮನ ನಂಬರಿಗೆ ಫೋನ್ ಹಚ್ಚಿದಳು.

"ಬಂತು ಬೇ ನಿನ್ನ ಉತ್ತರ" ಎಂದಳು. "ಚಲೋ ಹೇಳಿದಿ."